ಅಭಯವೆಂಬ ನಾಲ್ಕನೆಯ ದಾನ

ಜೈನ ಪರಂಪರೆ ದಾನವನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ: ಆಹಾರ, ಔಷಧ, ಶಾಸ್ತ್ರ, ಅಭಯ. ಹಸಿದವರಿಗೆ ಅನ್ನ, ರೋಗಿಗೆ ಮದ್ದು, ಕಲಿಯುವವರಿಗೆ ವಿದ್ಯೆ, ಹೆದರಿದ ಜೀವಕ್ಕೆ ಧೈರ್ಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಕನ್ನಡಿಗರು ಇಂದಿಗೂ ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ನೆನೆಯುತ್ತಾರೆ; ಅದು ಶಾಸ್ತ್ರದಾನ. ವೈದ್ಯಕೀಯ ಕಾಲೇಜು ಕಟ್ಟಲು ಕೊಟ್ಟ ಹಣ ಈ ನಾಲ್ಕರಲ್ಲಿ ಯಾವುದು? ಮದ್ದೂ ವಿದ್ಯೆಯೂ ಒಂದೇ ಸೂರಿನಡಿ ಸಿಗುವುದರಿಂದ ಎರಡು ದಾನಗಳು ಅಲ್ಲಿ ಕೂಡುತ್ತವೆ ಎನ್ನಬಹುದು. ಆದರೆ ಕಾಯಿಲೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದರೆ ಬೇಕಾಗುವುದು ನಾಲ್ಕನೆಯದು. ಇಲ್ಲಿ ತನ್ನ ಮೈಗೆ ಕೇಡಾಗುವುದಿಲ್ಲ ಎಂಬ ಅಭಯವಿಲ್ಲದಿದ್ದರೆ ಮಿಕ್ಕ ಎರಡೂ ಬಾಗಿಲಲ್ಲೇ ನಿಲ್ಲುತ್ತವೆ. ಹಣ ಕೊಟ್ಟವರು ಅಭಯವನ್ನೂ ಕೊಟ್ಟಂತಾಯಿತೇ ಎಂಬುದು ಪ್ರಶ್ನೆ. ಇದನ್ನು ಮುಂಬಯಿಯಷ್ಟು ದೀರ್ಘಕಾಲ, ಅಷ್ಟು ನೋವಿನಿಂದ ಎದುರಿಸಿದ ಊರು ಈ ದೇಶದಲ್ಲಿ ಅಪರೂಪ.

ಬೈಕಲಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಆರಂಭವಾದದ್ದು 1845ರಲ್ಲಿ. ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರ್ಯಾಂಟ್ 1838ರಲ್ಲಿ ತೀರಿಕೊಂಡಾಗ ಊರಿನವರು ಚಂದಾ ಎತ್ತಿ, ಅವರ ನೆನಪಿಗೆ ಈ ಕಾಲೇಜು ಆಗಬೇಕೆಂದು ನಿಶ್ಚಯಿಸಿದರು. ಅದರ ಜೊತೆಗೇ ಎದ್ದು ನಿಂತದ್ದು ಪಾರ್ಸಿ ವರ್ತಕ ಜಮ್ಸೆಟ್‌ಜಿ ಜೀಜೀಭಾಯ್ ಅವರ ದೊಡ್ಡ ದೇಣಿಗೆಯಿಂದ ಕಟ್ಟಿದ ಜೆ.ಜೆ. ಆಸ್ಪತ್ರೆ, ಅದರ ಅಡಿಗಲ್ಲು ಬಿದ್ದದ್ದು 1843ರ ಜನವರಿ 3ರಂದು. ಮೊದಲ ತಂಡದ ವಿದ್ಯಾರ್ಥಿಗಳು 1851ರಲ್ಲಿ ತೇರ್ಗಡೆಯಾಗಿ ಹೊರಬಂದರು. ಆಮೇಲೆ ಬಡವರ ವೈದ್ಯರೆಂದೂ ವಿದ್ವಾಂಸರೆಂದೂ ಹೆಸರಾದ ಭಾವು ದಾಜಿ ಅವರಲ್ಲೊಬ್ಬರು.

ಜಮ್ಸೆಟ್‌ಜಿಯವರ ಸಂಪತ್ತಿನ ದೊಡ್ಡ ಪಾಲು ಚೀನಾದೊಡನೆ ನಡೆಸಿದ ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ ಬಂದದ್ದು. ಒಂದು ದೇಶದ ಮನೆಗಳನ್ನು ಹಾಳುಗೆಡವಿದ ಸರಕಿನ ಲಾಭ ಇನ್ನೊಂದು ದೇಶದ ರೋಗಿಗಳ ಹಾಸಿಗೆಯಾಯಿತು. ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕೆಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಅಲ್ಲಿನ ವಿಚಾರ ಪಡೆಯುವವರ ಯೋಗ್ಯತೆಯ ಕಡೆಗೆ, ಕೊಡುವವರ ಮನೋಭಾವದ ಕಡೆಗೆ. ಹಣದ ಮೂಲವನ್ನೇ ಹಿಡಿದು ಕೇಳಿದವರು ಹನ್ನೆರಡನೆಯ ಶತಮಾನದ ಶರಣರು. ಕಾಯಕದಿಂದ ಬಂದದ್ದಲ್ಲದೆ ದಾಸೋಹವಿಲ್ಲ ಎಂಬುದು ಅವರ ನಿಲುವು. ಕೊಡುವವನೆಂಬ ಹಮ್ಮು ಉಳಿದರೂ ಅದು ದಾಸೋಹವಲ್ಲ. ಈ ಒರೆಗಲ್ಲಿಗೆ ಉಜ್ಜಿದರೆ ಮುಂಬಯಿಯ ಹಲವು ಪುಣ್ಯಕಾರ್ಯಗಳು ಮಂಕಾಗುತ್ತವೆ. ಹಾಗೆಂದು ಆ ಹಾಸಿಗೆಯ ಮೇಲೆ ಬದುಕುಳಿದವರ ಬದುಕು ಸುಳ್ಳಾಗುವುದಿಲ್ಲ. ದಾನ ದಾತನ ಪಾಪ ತೊಳೆಯಿತೇ ಎಂಬುದು ಒಂದು ಲೆಕ್ಕ, ದಾನದಿಂದ ರೋಗಿಗೆ ಏನಾಯಿತು ಎಂಬುದು ಬೇರೆಯೇ ಲೆಕ್ಕ. ಒಂದರಲ್ಲಿ ಇನ್ನೊಂದನ್ನು ವಜಾ ಮಾಡುವುದು ಸರಿಯಲ್ಲ.

ಕಟ್ಟಡ, ಕಾಲೇಜು, ಕಲಿತ ವೈದ್ಯರು ಎಲ್ಲ ಇದ್ದೂ ಅಭಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಐವತ್ತು ವರ್ಷಗಳ ಬಳಿಕ ಬಯಲಾಯಿತು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಓಣಿಗಳಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ರೋಗಿಗಳನ್ನು ಮನೆಯಿಂದ ಎತ್ತಿ ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಸಾಗಿಸುವುದು ಶುರುವಾಯಿತು. ಹೋದವರು ಹೆಣವಾಗಿ ಬರುತ್ತಾರೆ, ವೈದ್ಯರೇ ಕೊಲ್ಲುತ್ತಾರೆ ಎಂಬ ಮಾತು ಚಾಳಿನಿಂದ ಚಾಳಿಗೆ ಹಬ್ಬಿತು. ಅಕ್ಟೋಬರ್ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆ ಆಸ್ಪತ್ರೆಗೆ ನುಗ್ಗಿದರು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಕೇಳದೆ ಹೇಳದೆ ಮನೆಯೊಳಗೆ ನುಗ್ಗಿ, ಹೆಂಗಸರ ಮೈ ತಡವಿ ಪ್ಲೇಗಿನ ಗಡ್ಡೆ ಹುಡುಕಿ, ತಾಯಿಯಿಂದ ಮಗುವನ್ನು ಬೇರೆ ಮಾಡಿದ ಕೈ ಮದ್ದು ಹಿಡಿದು ಬಂದರೂ ಜನಕ್ಕೆ ಕಾಣುವುದು ಆ ಕೈಯೇ. ಒಬ್ಬರ ಪಾಲಿಗೆ ಔಷಧದಾನವಾದದ್ದು ಇನ್ನೊಬ್ಬರ ಪಾಲಿಗೆ ಭಯವಾಯಿತು.

ಅದೇ ದಿನಗಳಲ್ಲಿ ಗ್ರ್ಯಾಂಟ್ ಕಾಲೇಜಿನಲ್ಲಿ ತಮಗೆ ಬಿಟ್ಟುಕೊಟ್ಟ ಕಿರಿದಾದ ಜಾಗದಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗಿನ ಲಸಿಕೆ ಸಿದ್ಧಪಡಿಸುತ್ತಿದ್ದರು. 1897ರ ಜನವರಿ 10ರಂದು ಅವರು ಅದನ್ನು ಮೊದಲು ಚುಚ್ಚಿಸಿಕೊಂಡದ್ದು ತಮ್ಮದೇ ಮೈಗೆ. ಬೈಕಲಾ ಜೈಲಿನ ಕೈದಿಗಳಿಗೆ ಕೊಟ್ಟದ್ದು ಆಮೇಲೆ. ಇಷ್ಟಾದರೂ ಊರು ನಂಬಲಿಲ್ಲ. ಆಗ ಇಸ್ಮಾಯಿಲಿ ಖೋಜಾ ಸಮುದಾಯದ ಧರ್ಮಗುರು, ಇಪ್ಪತ್ತರ ಹರೆಯದ ಮೂರನೆಯ ಆಗಾ ಖಾನ್, ಹಾಫ್ಕಿನ್ ಅವರ ಪ್ರಯೋಗಾಲಯಕ್ಕೆ ತಮ್ಮ ಖುಷ್ರು ಲಾಡ್ಜ್ ಬಂಗಲೆಯನ್ನು ಬಿಟ್ಟುಕೊಟ್ಟರು. ಅಷ್ಟಕ್ಕೇ ನಿಲ್ಲದೆ ಎಲ್ಲರೆದುರು ತೋಳು ಚಾಚಿ ತಾವೂ ಚುಚ್ಚುಮದ್ದು ಹಾಕಿಸಿಕೊಂಡರು. ಅವರ ಹಿಂದೆ ಸಾವಿರಾರು ಅನುಯಾಯಿಗಳು ಮುಂದೆ ಬಂದರು. ಬಂಗಲೆ ಕೊಟ್ಟದ್ದು ದಾನ. ತೋಳು ಕೊಟ್ಟದ್ದು ಅಭಯ. ಮೊದಲನೆಯದನ್ನು ಆಳುಗಳ ಕೈಯಲ್ಲಿ ಕಳಿಸಬಹುದು, ಎರಡನೆಯದನ್ನು ತಾನೇ ಹೋಗಿ ಕೊಡಬೇಕು. ಪ್ರಯೋಗಾಲಯ ಮುಂದೆ ಪರೇಲಿನ ಹಳೆಯ ಗವರ್ನ್‌ಮೆಂಟ್ ಹೌಸಿಗೆ ಹೋಗಿ ಹಾಫ್ಕಿನ್ ಸಂಸ್ಥೆಯಾಯಿತು.

ಕೊಡುವವರು ಷರತ್ತು ಹಾಕಬಹುದೇ? ನಿರಪೇಕ್ಷವಾಗಿ ಕೊಟ್ಟದ್ದೇ ಸಾತ್ವಿಕ ಎಂಬುದು ಶಾಸ್ತ್ರದ ಮಾತು. ಆದರೆ ಪರೇಲಿನ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ವೈದ್ಯಕೀಯ ಕಾಲೇಜಿಗೆ ಹಣ ಕೊಟ್ಟ ದತ್ತಿಯ ಟ್ರಸ್ಟಿಗಳು ಒಂದು ಷರತ್ತು ಹಾಕಿದ್ದರು: ಅಲ್ಲಿ ಕಲಿಸುವವರೆಲ್ಲರೂ ಭಾರತೀಯರಾಗಿರಬೇಕು, ಸರ್ಕಾರಿ ನೌಕರರಾಗಿರಬಾರದು. ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕ ಪೀಠಗಳು ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸಿನ ಆಂಗ್ಲ ಅಧಿಕಾರಿಗಳ ಪಾಲಾಗಿದ್ದ ಕಾಲವದು. ಎಷ್ಟೇ ಓದಿದ ದೇಶೀಯ ವೈದ್ಯರಿಗೂ ಅಲ್ಲಿ ಬಾಗಿಲು ಅರ್ಧ ಮುಚ್ಚಿತ್ತು. ಕಾಲೇಜು 1925ರಲ್ಲಿ, ಅದಕ್ಕೆ ಹೊಂದಿಕೊಂಡ ನಗರಪಾಲಿಕೆಯ ಕೆ.ಇ.ಎಂ. ಆಸ್ಪತ್ರೆ 1926ರಲ್ಲಿ ತೆರೆದವು. ಡೀನ್ ಆಗಿ ಬಂದ ಜೀವರಾಜ್ ಮೆಹ್ತಾ ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದರು. ಆ ಷರತ್ತು ದಾತನ ಲಾಭಕ್ಕಲ್ಲ, ಪಡೆಯುವವರ ಮಾನಕ್ಕಾಗಿ. ಅದನ್ನು ಅಪೇಕ್ಷೆಯ ಸಾಲಿಗೆ ಸೇರಿಸಲಾಗದು.

ಇದಕ್ಕೆ ತದ್ವಿರುದ್ಧವಾದದ್ದು ‘ಡೊನೇಷನ್’ ಎಂಬ ಮಾತಿಗೆ ಕರ್ನಾಟಕದಲ್ಲಿ ಒದಗಿದ ಗತಿ. ಕಾಲೇಜಿಗೆ ಸಿರಿವಂತರು ಕೊಡುತ್ತಿದ್ದದ್ದರ ಹೆಸರು ಸೀಟಿಗಾಗಿ ವಿದ್ಯಾರ್ಥಿಯ ತಂದೆ ಹೊಲ ಮಾರಿ ತೆರುವ ಹಣಕ್ಕೆ ಅಂಟಿಕೊಂಡಿತು. 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಇಂಥ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತದ್ದು ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಮೊಕದ್ದಮೆಯಲ್ಲೇ. ಹಾಕಿದ ಹಣ ವಾಪಸು ದುಡಿಯಲೇಬೇಕಾದ ವೈದ್ಯರೆದುರು ಕೂತ ರೋಗಿಗೆ, ಬರೆದುಕೊಟ್ಟ ಪ್ರತಿ ಪರೀಕ್ಷೆಯ ಮೇಲೂ ಸಂಶಯ ಬರುತ್ತದೆ. ವಿದ್ಯೆ ಮಾರಾಟವಾದಲ್ಲಿ ಮೊದಲು ಸಾಯುವುದು ಅಭಯ.

ಅಭಯ ದಿನದಿನವೂ ಕೈಯಿಂದ ಕೈಗೆ ದಾಟುವುದು ಹೇಗೆಂಬುದಕ್ಕೆ ಕೆ.ಇ.ಎಂ. ಆಸ್ಪತ್ರೆಯ ನಾಲ್ಕನೆಯ ವಾರ್ಡಿಗಿಂತ ದೊಡ್ಡ ಸಾಕ್ಷಿ ಬೇಡ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಅಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್, 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಕೆಲಸಗಾರನೊಬ್ಬನ ಕ್ರೌರ್ಯಕ್ಕೆ ಸಿಕ್ಕಿ, ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. ಭಯ ಹುಟ್ಟಿದ್ದು ಆಸ್ಪತ್ರೆಯಲ್ಲೇ. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ನಡೆದ ಆರೈಕೆಯೂ ಅಲ್ಲೇ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ದಾದಿಯರು ಅವರಿಗೆ ಮೆತ್ತಗೆ ಹಿಸುಕಿದ ಅನ್ನ ಉಣಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ಇಷ್ಟು ದೀರ್ಘಕಾಲ ಮಲಗಿದ ಮೈಗೆ ಒಂದೇ ಒಂದು ಹಾಸಿಗೆಹುಣ್ಣು ಆಗಿರಲಿಲ್ಲ ಎಂಬುದು ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಹಾಸಿಗೆಹುಣ್ಣು ತಪ್ಪಿಸಲು ಹಗಲೂ ರಾತ್ರಿ ಗಂಟೆಗಳನ್ನು ಎಣಿಸುತ್ತ ಮಗ್ಗುಲು ಹೊರಳಿಸಬೇಕು. ಯಾವ ಅನುದಾನದ ಪತ್ರದಲ್ಲೂ ಅದನ್ನು ಬರೆದಿರುವುದಿಲ್ಲ.

ಆಹಾರ ನಿಲ್ಲಿಸಿ ಅವರಿಗೆ ಸಾವು ಬರಗೊಡಬೇಕೆಂದು ಬೇರೊಬ್ಬರು ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸಿದ ಕೋರ್ಟು, ಅರುಣಾ ಪರವಾಗಿ ಮಾತಾಡುವ ಹಕ್ಕು ಕೆ.ಇ.ಎಂ. ಸಿಬ್ಬಂದಿಯದು ಎಂದಿತು. ಆಸ್ಪತ್ರೆ ಕೋರ್ಟಿಗೆ ಕೊಟ್ಟ ವಿವರದಲ್ಲಿ ಇನ್ನೊಂದು ಸಂಗತಿಯಿತ್ತು: ನರ್ಸಿಂಗ್ ಕಲಿಯಲು ಹೊಸ ತಂಡ ಬಂದಾಗಲೆಲ್ಲ ಅವರನ್ನು ಆ ಹಾಸಿಗೆಯ ಬಳಿ ಕರೆತಂದು, ಈಕೆ ನಮ್ಮವಳು ಎಂದು ಪರಿಚಯಿಸುತ್ತಿದ್ದರು.