ಬಿಡಿಬಿಡಿಯಾದ ಮನೆ

ತಮಿಳುನಾಡಿನ ಕಾರೈಕುಡಿಯಲ್ಲಿ ಮುನೀಶ್ವರನ್ ಕೋಯಿಲ್ ಬೀದಿ ಅಂತೊಂದಿದೆ. ಉದ್ದಕ್ಕೂ ಹಳೇ ಸಾಮಾನಿನ ಅಂಗಡಿಗಳು. ಗೋಡೆಗೆ ಒರಗಿಸಿದ ಬರ್ಮಾ ತೇಗದ ಕಂಬಗಳು, ಯಾವ ಗೋಡೆಯಲ್ಲೂ ಇಲ್ಲದ ಬಾಗಿಲವಾಡಗಳು, ಹಿಂಬದಿಯ ರಸ ಉದುರಿದ ಬೆಲ್ಜಿಯಂ ಕನ್ನಡಿಗಳು, ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರು, ಯಾರದೋ ಮದುವೆಯ ಫೋಟೋ.

ರಥ ಅಂದರೆ ಯಾವುದು, ಗಾಲಿಯೋ ಅಚ್ಚೋ ನೊಗವೋ ಎಂದು ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದನಂತೆ. ಅವನು ರಥವನ್ನು ಬಿಚ್ಚಿದ್ದು ಮಾತಿನಲ್ಲಿ ಮಾತ್ರ. ಇಲ್ಲಿ ಮನೆಯನ್ನು ನಿಜವಾಗಿಯೇ ಬಿಚ್ಚಿ ಹರಡಿದ್ದಾರೆ. ಕಂಬಕ್ಕೊಂದು ರೇಟು, ಬೋದಿಗೆಗೊಂದು, ಹೊಸ್ತಿಲಿಗೊಂದು. ಬಾಗಿಲನ್ನು ಕೊಂಡವರು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದರ ಮೇಲೆ ಗಾಜು ಹಾಸಿ ಊಟದ ಮೇಜು ಮಾಡಿಕೊಳ್ಳುತ್ತಾರೆ.

ರಾಶಿಯಿಂದ ಒಂದು ಎನಾಮಲ್ ಟಿಫಿನ್ ಕ್ಯಾರಿಯರ್ ಎತ್ತಿ ತಿರುವಿ ನೋಡಿ. ತಳದಲ್ಲಿ 'ಮೇಡ್ ಇನ್ ಚೆಕೊಸ್ಲೊವಾಕಿಯಾ' ಎಂಬ ಮುದ್ರೆ. 1918ರಲ್ಲಿ ಹುಟ್ಟಿದ ಆ ದೇಶ 1993ರ ಜನವರಿ 1ಕ್ಕೆ ಎರಡಾಯಿತು. ಕ್ಯಾರಿಯರಿನ ಕೊಕ್ಕೆ ಇನ್ನೂ ಬಿಗಿಯಾಗಿದೆ. ಪಕ್ಕದ ಹಿತ್ತಾಳೆ ತಪ್ಪಲೆಯ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ತಮಿಳು ಇನಿಷಿಯಲ್ಲುಗಳು. ನಾವೂ ಪಾತ್ರೆಗೆ ಹೆಸರು ಹಾಕಿಸುತ್ತೇವೆ, ಪಕ್ಕದ ಮನೆಯ ಸಮಾರಂಭಕ್ಕೆ ಹೋದದ್ದು ವಾಪಸು ಬರಲಿ ಅಂತ. ಈ ತಪ್ಪಲೆಯ ಅಕ್ಷರಗಳು ಸವೆದಿಲ್ಲ. ಅದನ್ನು ಕೇಳಿಕೊಂಡು ಬರುವವರಿಲ್ಲ, ಅಷ್ಟೇ.

ಅನಿತ್ಯ ಅಂದಕೂಡಲೇ ಬೆಂಕಿ, ನೆರೆ, ಸಾವು ಕಣ್ಣಮುಂದೆ ಬರುತ್ತವೆ. ಈ ಮನೆಗಳಲ್ಲಿ ಎಷ್ಟನ್ನೋ ಕೆಡವಿದ್ದು ಅವ್ಯಾವುವೂ ಅಲ್ಲ, ಆಸ್ತಿ ಭಾಗ. ಮೂರು ತಲೆಮಾರು ದಾಟುವಷ್ಟರಲ್ಲಿ ಒಂದೇ ಮನೆಗೆ ಹತ್ತಾರು ಪಾಲುದಾರರು, ಒಬ್ಬರು ಚೆನ್ನೈಯಲ್ಲಿ, ಒಬ್ಬರು ಸಿಂಗಪುರದಲ್ಲಿ. ತೊಟ್ಟಿಯನ್ನು ಕೊಯ್ದು ಹಂಚಲಾಗದು, ಮಾರಿದ ದುಡ್ಡನ್ನು ಹಂಚಬಹುದು. ಹಳೇ ಸಾಮಾನಿನವರನ್ನು ರಣಹದ್ದುಗಳು ಅಂತ ಬೈಯುವುದಿದೆ. ನನಗದು ಒಪ್ಪಿಗೆಯಿಲ್ಲ. ಅವರು ಬರುವ ಹೊತ್ತಿಗೆ ಸೂರು ಸೋರುತ್ತಿರುತ್ತದೆ, ಗೆದ್ದಲು ತೊಲೆ ಹತ್ತಿರುತ್ತದೆ. ಅವರ ಕೈಯಲ್ಲಿ ಕಂಬವಾದರೂ ಉಳಿಯುತ್ತದೆ.

ನನ್ನ ತಕರಾರು ಬೇರೆ. ಇಂಥ ಬೀದಿಯಲ್ಲಿ ನಿಂತರೆ ಸಿರಿ ಶಾಶ್ವತವಲ್ಲ ಎಂಬ ನಿಟ್ಟುಸಿರು ತಾನಾಗಿ ಬರುತ್ತದೆ, ಅಲ್ಲಿಗೆ ಯೋಚನೆ ನಿಂತುಬಿಡುತ್ತದೆ. ಈ ಕಂಬಗಳನ್ನು ಕೊಂಡ ದುಡ್ಡು ಎಲ್ಲಿಯದು? ಈ ಮನೆಗಳನ್ನು ಕಟ್ಟಿಸಿದ ಲೇವಾದೇವಿಗಾರರಾದ ನಾಟ್ಟುಕೋಟ್ಟೈ ಚೆಟ್ಟಿಯಾರರು ಬರ್ಮಾದ ರೈತರಿಗೆ ಗದ್ದೆಯ ಅಡಮಾನದ ಮೇಲೆ ಸಾಲ ಕೊಡುತ್ತಿದ್ದರು. 1930ರ ಸುಮಾರಿಗೆ ಜಾಗತಿಕ ಕುಸಿತ ಬಂದು ಅಕ್ಕಿಯ ಬೆಲೆ ಬಿತ್ತು. ಸಾಲ ತೀರಲಿಲ್ಲ, ನೆಲ ಸಾಲಕೊಟ್ಟವರ ಪಾಲಾಯಿತು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇ. 6ರಷ್ಟಿದ್ದ ಅವರ ಒಡೆತನ 1938ಕ್ಕೆ ಶೇ. 25 ಮುಟ್ಟಿತ್ತು. ಬಡ್ಡಿಗೆ ಕೊಟ್ಟವರಿಗೂ ಅದು ಬೇಕಾಗಿರಲಿಲ್ಲ ಅನ್ನುತ್ತಾರೆ. ಅವರಿಗೆ ಬೇಕಿದ್ದದ್ದು ನಗದು. ಇರಬಹುದು. 1942ರಲ್ಲಿ ಜಪಾನಿನ ಸೈನ್ಯ ಬಂತು, ಆಮೇಲೆ ಸ್ವತಂತ್ರ ಬರ್ಮಾದ ಭೂ ಕಾನೂನು ಬಂತು, ಚೆಟ್ಟಿಯಾರರು ಬರಿಗೈಯಲ್ಲಿ ಊರು ಸೇರಿದರು.

ಅವರು ಕಳೆದುಕೊಂಡದ್ದರ ಗುರುತು ಕಂಬವಾಗಿ, ಕನ್ನಡಿಯಾಗಿ ಈ ಬೀದಿಯಲ್ಲಿದೆ. ಅವರಿಗಿಂತ ಮೊದಲೇ ಕಳೆದುಕೊಂಡವನ ಹೆಸರು ಯಾವ ಪಾತ್ರೆಯ ಮೇಲೂ ಇಲ್ಲ. ಅವನದು ಗದ್ದೆ, ಗದ್ದೆಯನ್ನು ಕಳಚಿ ಅಂಗಡಿಗೆ ಸಾಗಿಸಲಾಗುವುದಿಲ್ಲ. ಹೊಸ ಕಾನೂನು ಬಂದ ಮೇಲೂ ಅದು ಪೂರ್ತಿ ಅವನದಾಗಲಿಲ್ಲ. ಉಳುವ ಹಕ್ಕು ಅವನಿಗೆ, ಒಡೆತನ ಸರ್ಕಾರಕ್ಕೆ ಅಂತ ಬರೆದುಕೊಂಡರು.