ಹೆಸರು ಯಾರ ಸೊತ್ತು?

1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಯೆಸ್’ ಎಂಬ ರಾಕ್ ವಾದ್ಯವೃಂದದ ಕಥೆ ನಮ್ಮನ್ನು ವಿಚಾರಕ್ಕೆ ಹಚ್ಚುತ್ತದೆ. ಸ್ಥಾಪಕ ಗಾಯಕ ಜಾನ್ ಆಂಡರ್ಸನ್ ಇಲ್ಲದೆಯೇ 1980ರಲ್ಲಿ ‘ಡ್ರಾಮಾ’ ಆಲ್ಬಮ್ ಹೊರಬಂದಿತು. ಅದುವರೆಗಿನ ಎಲ್ಲ ಸ್ಟುಡಿಯೋ ಆಲ್ಬಮ್‌ಗಳಲ್ಲಿಯೂ ಬಾಸ್ ಗಿಟಾರ್ ನುಡಿಸಿದ್ದ ಕ್ರಿಸ್ ಸ್ಕ್ವೈರ್ 2015ರಲ್ಲಿ ತೀರಿಕೊಂಡರು. ಸ್ಥಾಪಕರಲ್ಲಿ ಒಬ್ಬರೂ ಇಲ್ಲದೆ 2021ರಲ್ಲಿ ‘ದಿ ಕ್ವೆಸ್ಟ್’ ಅದೇ ಹೆಸರಿನಲ್ಲಿ ಬಂದಿತು.

ಹಳೆಯ ಕಂಠವನ್ನು ನೆಚ್ಚಿದ ಕೇಳುಗನಿಗೆ ಇದು ವಂಚನೆಯಲ್ಲವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. 1970ರಲ್ಲಿ ಸೇರಿದ ಸ್ಟೀವ್ ಹೌ ಅಂದು ಸ್ಥಾಪಕರೊಡನೆ ನುಡಿಸಿದವರು. ಅನಂತರ ಕಿರಿಯರೊಡನೆಯೂ ನುಡಿಸಿದರು. ಹೆಸರು ಒಡನಾಟದಿಂದ ಸಾಗುತ್ತದೆ. ಆದರೆ ಪಡೆದವನಿಗೆ ಅದು ಋಣ.

ಶಾಲೆಯೂ ಹೀಗೆಯೇ. ಉಪಾಧ್ಯಾಯರೂ ಮಕ್ಕಳೂ ಬದಲಾಗುತ್ತಾರೆ. ಫಲಕದ ಹೆಸರು ಉಳಿಯುತ್ತದೆ. ಆ ಹೆಸರಿಗೆ ತಕ್ಕ ಪಾಠ ಉಳಿದಿದೆಯೆ ಎಂದು ನಾವು ದಿನವೂ ಕೇಳಿಕೊಳ್ಳಬೇಕು.