ಕೊಯ್ಲಿನ ಹಣ ಮತ್ತು ಹಬ್ಬದ ಲಕೋಟೆ

ಮೂಡಿಗೆರೆ, ಕಳಸದ ಮನೆಗಳ ಲೆಕ್ಕ ಕಾಫಿಯ ಬೆಲೆಯೊಡನೆ ಏರಿಳಿಯುತ್ತದೆ. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟಾಗ ಇಲ್ಲಿ ಬೆಲೆ ಏರಿತು. 2001ರ ಹೊತ್ತಿಗೆ ನೆಲಕಚ್ಚಿತು. 2024ರಲ್ಲಿ ಮತ್ತೆ ಏರಿತು. ಆದ್ದರಿಂದ ಉಳಿತಾಯ ಬೇಕೇ ಬೇಕು.

ಹಾಗಾದರೆ ಹಬ್ಬ ಬೇಡವೇ? ಸಂತ ಯೊವಾನ್ನರ ಶುಭಸಂದೇಶವನ್ನು ತೆರೆದು ನೋಡಿ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸುಸ್ವಾಮಿ ಮನೆಯವರಿಗೆ ಮಿತವ್ಯಯದ ಪಾಠ ಹೇಳಲಿಲ್ಲ. ಆರು ಕಲ್ಲಿನ ಬಾನೆಗಳನ್ನು ತುಂಬಿಸಿದರು. ಅದೇ ಸ್ವಾಮಿ ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೆ ಚೂರುಗಳನ್ನು ಕೂಡಿಸಿಡಲು ಹೇಳಿದರು. ಹನ್ನೆರಡು ಬುಟ್ಟಿ! ರೊಟ್ಟಿಯನ್ನೇ ಹೆಚ್ಚಿಸಬಲ್ಲವರಿಗೆ ಚೂರುಗಳ ಚಿಂತೆ ಏಕಿತ್ತೋ, ಯೋಚಿಸಿ.

ಸಂತ ಥಾಮಸ್ ಅಕ್ವಿನಾಸರು ದುಂದುಗಾರಿಕೆ, ಜಿಪುಣತನ ಎರಡನ್ನೂ ದೋಷವೆಂದರು. ನಗುವನ್ನೇ ಅರಿಯದೆ ಇತರರ ನಲಿವನ್ನೂ ಕೆಡಿಸುವುದು ಸಹ ಅವರ ಪ್ರಕಾರ ದೋಷವೇ.

ಆದರೆ ಮಗುವಿನ ಮೊದಲ ಪರಮಪ್ರಸಾದಕ್ಕೆ ಸಾಲ ತಂದು ಶಾಮಿಯಾನ ಹಾಕಿಸುವುದು ಯಾರ ಸಂತೋಷಕ್ಕೆ? ನೆರೆಯವರ ಕಣ್ಣಿಗೆ ತಾನೇ? ಕಾನಾದಲ್ಲಿ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೂ ತಿಳಿಯಲಿಲ್ಲ.

ಕೊಯ್ಲಿನ ಹಣ ಬಂದ ದಿನ ಗಂಡಹೆಂಡಿರಿಬ್ಬರೂ ಕೂತು ಕೂಲಿ, ಗೊಬ್ಬರ, ಶಾಲೆಯ ಫೀಜು, ಕಷ್ಟಕಾಲ ಎಂದು ತೆಗೆದಿಡಿ. ಕ್ರಿಸ್ಮಸ್ಸಿಗೂ ಒಂದು ಲಕೋಟೆ ಇರಲಿ. ಅದನ್ನು ಗೊಬ್ಬರಕ್ಕೆ ಮುರಿಯಬೇಡಿ. ವಾರದ ಬಟವಾಡೆಯಲ್ಲಿ ಬದುಕುವ ಮನೆಗಳಲ್ಲೂ ಹೀಗೆಯೇ. ಲಕೋಟೆ ಸಣ್ಣದು, ಅಷ್ಟೇ.